ಮಾವನವರ ಜಾವಾ ಮತ್ತೆ ಉಸಿರಾಡಿತು!

“ಗುಜರಿಯವನಿಗೆ ಕೊಟ್ಟುಬಿಡಿ ಅತ್ತಿಗೆ, ಜಾಗವಾದರೂ ಖಾಲಿಯಾಗುತ್ತೆ!”

ನನ್ನ ಮೈದುನ ಫೋನಿನಲ್ಲಿ ಹೀಗೆಂದು ಇಟ್ಟುಬಿಟ್ಟ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಲಿಂಗರಾಜಪುರದ ನಮ್ಮ ಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ, ತಗಡಿನ ಸೂರಿನ ಕೆಳಗೆ, ಮಾವನವರ ಜಾವಾ ಮೋಟಾರ್ ಸೈಕಲ್ 19 ವರ್ಷದಿಂದ ನಿಂತಿತ್ತು. ಟೈರು ಸೀಳಿತ್ತು. ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು. ಹಳೆಯ ಬಕೆಟ್ಟು, ಒಡೆದ ಹೂಕುಂಡ, ಮಕ್ಕಳ ಮೂರು ಗಾಲಿ ಸೈಕಲ್ಲು ಎಲ್ಲಕ್ಕೂ ಅದೇ ಆಸರೆ. ಆದರೂ ಪ್ರತಿ ವರ್ಷ ಆಯುಧಪೂಜೆಯ ದಿನ ನಮ್ಮ ಅತ್ತೆ ಅದರ ಟ್ಯಾಂಕಿನ ಮೇಲಿನ ಧೂಳು ಒರೆಸಿ, ಕುಂಕುಮವಿಟ್ಟು, ಒಂದು ಎಳೆ ಹೂವು ಮುಡಿಸಿ, ಏನೂ ಮಾತಾಡದೆ ಒಳಗೆ ಹೋಗುತ್ತಿದ್ದರು.

2023ರ ಯುಗಾದಿಗೆ ಮನೆ ಸುಣ್ಣಬಣ್ಣ ಮಾಡಿಸುವಾಗ ಈ ಮಾತು ಮತ್ತೆ ಎದ್ದಿತು. ಅತ್ತೆಯನ್ನು ಕೇಳಿದೆ.

“ಏನು ಮಾಡೋಣ ಅತ್ತೆ?”

“ನನ್ನನ್ನೇನು ಕೇಳ್ತೀಯೆ? ಓಡದೆ ಇರೋದನ್ನ ಇಟ್ಕೊಂಡು ಏನು ಮಾಡೋದು,” ಅಂದರು. ಆದರೆ ಆವತ್ತು ಮಧ್ಯಾಹ್ನ ಒಬ್ಬಟ್ಟನ್ನು ಅವರು ಮುಟ್ಟಲೇ ಇಲ್ಲ. ಓದುಗ ಸೋದರಿಯರೇ, ಸಂಸಾರ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ? ಎರಡು ವರ್ಷ ಕಟ್ಟಿ ಎತ್ತಿದ ಚೀಟಿ ದುಡ್ಡು ನನ್ನ ಹತ್ತಿರ ಇತ್ತು. ಗಾಡಿಯನ್ನು ಗುಜರಿಗೆ ಹಾಕುವುದಿಲ್ಲ, ಓಡಿಸಿಯೇ ತೀರುತ್ತೇನೆ ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮೈಸೂರಿನ ಕೂಸು

ಈ ಜಾವಾ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಹೆಸರು ಮಾತ್ರ ದೂರದ ಜೆಕ್ ನಾಡಿನದು. ಅಲ್ಲಿನ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಕೆಲಸವನ್ನು ಕೊಂಡು, ಎರಡು ಹೆಸರಿನ ಮೊದಲ ಅಕ್ಷರಗಳನ್ನೂ ಸೇರಿಸಿ ‘ಜಾವಾ’ ಎಂದು ಕರೆದ. ನಮ್ಮಲ್ಲಿ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದವು. 1973ರಿಂದ ಅವುಗಳಿಗೆ ‘ಯೆಜ್ಡಿ’ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈ ಹೆಸರುಗಳಲ್ಲಿ 2018ರಿಂದ ಈಚೆಗೆ ಬೇರೆ ಕಂಪನಿಯ ಹೊಸ ಗಾಡಿಗಳು ಬಂದಿವೆ ಎನ್ನಿ. ಆದರೆ ಅವುಗಳ ಇಂಜಿನ್ನಿನ ಜಾತಿಯೇ ಬೇರೆ.

ನಮ್ಮ ಮಾವ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. 1968ರಲ್ಲಿ ಸಾಲ ಮಾಡಿ ಈ ಗಾಡಿ ಕೊಂಡರಂತೆ. ನಂಬರು ‘ಎಂ.ವೈ.’ ಎಂದು ಶುರುವಾಗುತ್ತದೆ. ಅಂದರೆ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವುದಕ್ಕೂ ಮುಂಚಿನದು! ಕಡುಗೆಂಪು ಬಣ್ಣ, ಟ್ಯಾಂಕಿನ ಎರಡು ಪಕ್ಕಕ್ಕೂ ಮಿರುಗುವ ಕ್ರೋಮು. ಒಂದೇ ಸಿಲಿಂಡರಾದರೂ ಹೊಗೆ ಕೊಳವೆ ಎರಡು. ಕಿಕ್ ಹೊಡೆಯುವ ಹಿಡಿಯೂ ಗೇರ್ ಬದಲಿಸುವ ಹಿಡಿಯೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಅದೇ ಗೇರು. ಜಾಣ ಗೃಹಿಣಿ ಒಂದೇ ಪಾತ್ರೆಯಲ್ಲಿ ಹಾಲೂ ಕಾಯಿಸಿ ಪಾಯಸವನ್ನೂ ಮಾಡುವ ಹಾಗೆ!

ಕಾರ್ಖಾನೆ ಮುಚ್ಚಿದ ವರ್ಷವೇ ಮಾವ ನಿವೃತ್ತರಾದರು. 2004ರಲ್ಲಿ ತೀರಿಕೊಂಡರು. ಆ ದಿನದಿಂದ ಗಾಡಿ ನಿಂತಲ್ಲೇ ನಿಂತಿತು.

ಗಂಡಸರ ಮೊದಲ ಪ್ರಯೋಗ

ನಾನು ಗಾಡಿ ರಿಪೇರಿ ಮಾಡಿಸೋಣ ಎಂದದ್ದೇ ತಡ, ನಮ್ಮ ಯಜಮಾನರಿಗೂ ಮಗನಿಗೂ ಎಲ್ಲಿಲ್ಲದ ಹುರುಪು ಬಂತು. ಭಾನುವಾರ ಬೆಳಿಗ್ಗೆ ಬನಿಯನ್ನಿನಲ್ಲೇ ಓಣಿಗಿಳಿದರು. ಕಿಕ್ಕರ್ ಒತ್ತಿದರೆ ಅದು ಕಲ್ಲಿನ ಹಾಗೆ ಕೂತಿದೆ. ಕಾಲಿಟ್ಟು ತುಳಿದರು. ಜಗ್ಗಲಿಲ್ಲ. ಕೊನೆಗೆ ಮಗ ಗಾಡಿಯ ಮೇಲೆ ಹತ್ತಿ ನಿಂತು ಇಡೀ ಮೈಭಾರ ಬಿಟ್ಟು ಹಾರಿದ. ‘ಕಟಕ್’ ಎಂದಿತು! ಇಂಜಿನ್ ತಿರುಗಿತೆಂದುಕೊಂಡು ಇಬ್ಬರೂ ಕುಣಿದರು. ತಿರುಗಿದ್ದು ಇಂಜಿನ್ ಅಲ್ಲ, ಕಿಕ್ಕರ್ ಹಿಡಿ ಕೂರುವ ಕಡೆಯ ಹಲ್ಲುಗಳು ಸವೆದು ಜಾರಿದ್ದವು. ದಂಡ ಮೊದಲ ದಿನವೇ ಶುರು.

“ಬಲವಂತ ಮಾಡಬೇಡ್ರೋ,” ಎಂದರು ಒಳಗಿನಿಂದ ಅತ್ತೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಪರಿಚಯದವರೊಬ್ಬರು ಶಿವಾಜಿನಗರದ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಕರೆತಂದರು. ಎಲ್ಲರೂ ಅವರನ್ನು ‘ಉಸ್ತಾದ್’ ಅನ್ನುತ್ತಾರೆ. ಬಿಳಿ ಗಡ್ಡ, ದಪ್ಪ ಕನ್ನಡಕ. ಬಂದವರೇ ಗಾಡಿಯನ್ನು ಮುಟ್ಟಲಿಲ್ಲ, ಸುತ್ತ ಒಂದು ಸುತ್ತು ಬಂದರು. ಇಂಜಿನ್ನಿನ ನೆತ್ತಿಯಲ್ಲಿ ಸ್ಪಾರ್ಕ್ ಪ್ಲಗ್ ಇರಬೇಕಾದ ಕಡೆ ಬರೀ ತೂತು. ಯಾವ ಕಾಲದಲ್ಲೋ ಯಾರೋ ಬಿಚ್ಚಿಕೊಂಡು ಹೋಗಿ ಬಟ್ಟೆ ತುರುಕಿದ್ದರು. ತಗಡು ಸೋರಿ ಮಳೆನೀರು ಆ ತೂತಿನಲ್ಲೇ ಇಳಿದಿತ್ತು.

“ಅಮ್ಮಾ, ಇಂಜಿನ್ ಸೀಜ್ ಆಗಿದೆ. ಜಬರ್ದಸ್ತಿ ಮಾಡಿದ್ರೆ ಒಂದು ಮುರಿಯೋದು ಹೋಗಿ ಹತ್ತು ಮುರೀತದೆ. ಟೈಮ್ ಕೊಡಬೇಕು. ಕೊಡ್ತೀರಾ?”

“ಹತ್ತೊಂಬತ್ತು ವರ್ಷ ಕೊಟ್ಟಿದ್ದೀವಿ, ಇನ್ನೊಂದು ತಿಂಗಳಿಗೆ ಏನಾಗುತ್ತೆ?” ಅಂದೆ.

ಹಿಡಿದುಕೊಳ್ಳುವುದೆಂದರೇನು?

ಉಸ್ತಾದ್ ಚಹಾ ಕುಡಿಯುತ್ತಾ ನನಗೆ ತಿಳಿಸಿದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ. ಇಂಜಿನ್ನಿನ ಸಿಲಿಂಡರ್ ಎಂದರೆ ಒಂದು ಕಬ್ಬಿಣದ ಒರಳು. ಅದರೊಳಗೆ ಅಲ್ಯೂಮಿನಿಯಮ್ಮಿನ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ನಮ್ಮ ಜಾವಾದಲ್ಲಿ ಅದರ ಅಗಲ 65 ಮಿಲಿಮೀಟರು, ಓಡಾಟ 75 ಮಿಲಿಮೀಟರು. ಪಿಸ್ಟನ್ ಸುತ್ತ ತೆಳುವಾದ ಉಕ್ಕಿನಂಥ ರಿಂಗುಗಳು ಸಿಲಿಂಡರಿನ ಗೋಡೆಗೆ ಒತ್ತಿಕೊಂಡಿರುತ್ತವೆ. ಎರಡರ ನಡುವೆ ಇರುವ ಸಂದು ತಲೆಗೂದಲಿನಷ್ಟು ಮಾತ್ರ. ನೀರು ಇಳಿದರೆ ಆ ಸಂದಿನಲ್ಲೇ ತುಕ್ಕು ಬೆಳೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಜಾಗವಿಲ್ಲದಾಗ ಎರಡನ್ನೂ ಬಿಗಿಯಾಗಿ ಹಿಡಿದುಬಿಡುತ್ತದೆ.

ಇದು ತಣ್ಣಗೆ ಹಿಡಿಯುವ ರೀತಿ. ಬಿಸಿಯಲ್ಲಿ ಹಿಡಿಯುವುದೂ ಉಂಟು. ಜಾವಾದಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪಿಸ್ಟನ್ನಿಗೆಂದು ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಲೀಟರಿಗೆ ಸುಮಾರು 40 ಎಂ.ಎಲ್. ಹಳೆಯ ಲೆಕ್ಕ. ಅದು ತಪ್ಪಿದರೆ ಪಿಸ್ಟನ್ ಕಾದು ಉಬ್ಬಿ, ಓಡುವ ಗಾಡಿಯಲ್ಲೇ ಗೋಡೆ ಕಚ್ಚಿಕೊಳ್ಳುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ಬಿಟ್ಟರು.

“ಎಪ್ಪತ್ನಾಲ್ಕರಲ್ಲಿ ದಸರಾ ನೋಡೋಕೆ ಮೈಸೂರಿಗೆ ಹೋಗ್ತಿದ್ವಿ. ಇವನು ಟ್ಯಾಂಕಿನ ಮೇಲೆ ಕೂತಿದ್ದ. ಬಂಕಿನ ಹುಡುಗ ಎಣ್ಣೆ ಹಾಕೋದೇ ಮರೆತಿದ್ದ. ರಾಮನಗರ ದಾಟಿದ ಮೇಲೆ ಗಕ್ಕನೆ ನಿಂತೋಯ್ತು. ನಾನು ಅತ್ತೇಬಿಟ್ಟೆ. ಅವರು ಮಾತ್ರ ಹುಣಸೇಮರದ ಕೆಳಗೆ ಟವೆಲ್ ಹಾಸಿ, ‘ಚಿತ್ರಾನ್ನ ಬಿಚ್ಚು’ ಅಂದ್ರು. ಒಂದು ಗಂಟೆ ಆದ್ಮೇಲೆ ಕಿಕ್ ಹೊಡೆದ್ರು, ಬಿಟ್ಕೊಳ್ತು. ಬಿಸೀಲಿ ಹಿಡಿದದ್ದು ತಣ್ಣಗಾದ್ರೆ ಬಿಡುತ್ತೆ ಕಣೇ ಅಂದ್ರು.”

ಉಸ್ತಾದ್ ಕೈಯಲ್ಲಿದ್ದ ಲೋಟ ಕೆಳಗಿಟ್ಟು, “ದೊಡ್ಡಮ್ಮ ಹೇಳಿದ್ದು ಕರೆಕ್ಟು. ಈಗ ಹಿಡಿದಿರೋದು ತಣ್ಣಗೆ. ಇದಕ್ಕೆ ಎಣ್ಣೆ ಬೇಕು, ಬಿಸಿ ಬೇಕು,” ಎಂದರು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆಯ ಬಾಯಲ್ಲಿ ಅಷ್ಟು ಉದ್ದದ ಮಾತು ಕೇಳಿದ್ದು ಅದೇ ಮೊದಲು.

ಪೊರಕೆ ಕಡ್ಡಿಯ ಅಳತೆ

ಚಿಕಿತ್ಸೆ ಶುರುವಾಯಿತು. ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ ಒಂದು ಅಂಗುಲದಷ್ಟು ಕೆಳಗೆ ನಿಂತಿತ್ತು. ಅದೊಂದು ಅದೃಷ್ಟವಂತೆ. ಪೂರ್ತಿ ಕೆಳಗಿದ್ದಿದ್ದರೆ ಹೊಗೆ ಹೋಗುವ ಕಿಂಡಿ ತೆರೆದಿದ್ದು, ಹಾಕಿದ ಎಣ್ಣೆಯೆಲ್ಲ ಸೋರಿಹೋಗುತ್ತಿತ್ತು.

ಅರ್ಧ ಡೀಸೆಲ್, ಅರ್ಧ ಕಾರಿನ ಪವರ್ ಸ್ಟೀರಿಂಗಿಗೆ ಹಾಕುವ ತೆಳು ಎಣ್ಣೆ ಬೆರೆಸಿ ಪ್ಲಗ್ಗಿನ ತೂತಿನಿಂದ ಸುರಿದರು. ಕೆಲವರು ಇದಕ್ಕೆ ಆಸಿಟೋನ್ ಸೇರಿಸುತ್ತಾರಂತೆ. ಉಗುರುಬಣ್ಣ ಅಳಿಸುವ ನೀರಿನಲ್ಲಿ ಸಾಮಾನ್ಯವಾಗಿ ಇರುವುದೂ ಅದೇ. ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತು, ಮನೆಯಲ್ಲಿ ಬೇಡವೆಂದು ಉಸ್ತಾದ್ ಬಿಟ್ಟರು. ದಿನವೂ ಸಂಜೆ ಎಣ್ಣೆ ಎಷ್ಟು ಇಳಿದಿದೆ ನೋಡಿ, ಇಳಿದಷ್ಟು ತುಂಬುವುದು ನನ್ನ ಪಾಲಿಗೆ ಬಂತು.

ನೋಡುವುದು ಹೇಗೆ? ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ತೊಳೆದು ಒರೆಸಿ, ತೂತಿನಲ್ಲಿ ಇಳಿಬಿಟ್ಟು ಗುರುತು ಮಾಡಿಕೊಂಡೆ. ಮೊದಲ ನಾಲ್ಕು ದಿನ ಗುರುತು ಅಲ್ಲೇ ಇತ್ತು. ನನ್ನ ಚೀಟಿ ದುಡ್ಡು ನೀರಿನ ಪಾಲೇ ಎಂದುಕೊಂಡೆ. ಐದನೆಯ ದಿನ ಅಕ್ಕಿ ಕಾಳಿನಷ್ಟು ಕೆಳಗಿಳಿದಿತ್ತು! ಎಣ್ಣೆ ರಿಂಗುಗಳ ಪಕ್ಕದಿಂದ ಕೆಳಗೆ ಜಿನುಗುತ್ತಿದೆ, ಅಂದರೆ ತುಕ್ಕಿನೊಳಗೆ ದಾರಿ ಮಾಡಿಕೊಳ್ಳುತ್ತಿದೆ ಎಂದರ್ಥ. ಒಲೆಯ ಮುಂದೆ ಕಾಯುವ ತಾಳ್ಮೆ ಇರುವ ನಮಗೆ ಈ ಕೆಲಸ ಹೇಳಿ ಮಾಡಿಸಿದ್ದು.

ಎಣ್ಣೆ ತುಂಬಿದ ಮೇಲೆ ಗಾಡಿಯನ್ನು ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಬೇಕು. ಗಾಲಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟೆವು. ಗೆರೆ ಜರುಗಿದರೆ ಇಂಜಿನ್ ಜರುಗಿದೆ ಎಂದು ತಿಳಿಯಬೇಕು. ನಮ್ಮ ಯಜಮಾನರು ಡೈನಮೋದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಲು ಹೋದಾಗ ಉಸ್ತಾದ್ ಗದರಿಸಿದರು. ಆ ಬೋಲ್ಟ್ ಇರುವುದು ಡೈನಮೋ ಹಿಡಿದಿಡುವುದಕ್ಕೆ. ಹಿಡಿದ ಇಂಜಿನ್ನನ್ನು ಅದರಿಂದ ತಿರುಗಿಸಿದರೆ ಬೋಲ್ಟೇ ತುಂಡಾಗುತ್ತದೆ.

ಹನ್ನೊಂದು ದಿನ ಕಳೆಯಿತು. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಎರಡು ಸ್ಟೀಲ್ ಲೋಟಗಳು

ಹನ್ನೆರಡನೆಯ ದಿನ ಭಾನುವಾರ. ಸಿಲಿಂಡರಿನ ಮುಚ್ಚಳ ಬಿಚ್ಚೋಣವೆಂದು ಉಸ್ತಾದ್ ಬಂದರು. ನಟ್ಟುಗಳಿಗೂ ಮೊದಲೇ ಎಣ್ಣೆ ಕುಡಿಸಿದ್ದೆವು. ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಿದರು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ನೋಡಿದರೆ ಮೈದುನ! ಕೆ.ಆರ್. ಪುರದಲ್ಲಿ ಮನೆ ಅವನದು. ಮಾವ ಹೋದಮೇಲೆ ಈ ಮನೆಯ ಭಾಗದ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಮಾತು ಬಂದು, ಹಬ್ಬಕ್ಕೆ ಮಾತ್ರ ಬಂದು ಹೋಗುತ್ತಿದ್ದ. ಇಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ, ಎಲ್ಲವೂ ನನ್ನ ಮೂಲಕವೇ. ‘ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಅತ್ತಿಗೆ’ ಎಂದು ದೂರದಲ್ಲೇ ನಿಂತ.

ಮುಚ್ಚಳ ಎದ್ದಿತು. ಒಳಗೆ ಇಟ್ಟಿಗೆ ಬಣ್ಣದ ತುಕ್ಕು. ಗ್ಯಾಸ್ ಬೆಂಕಿ ಹಿಡಿದು ಸಿಲಿಂಡರ್ ಕಾಯಿಸಬಹುದು, ಆದರೆ ಡೀಸೆಲ್ ಇರುವ ಕಡೆ ಬೆಂಕಿ ಬೇಡ ಎಂದು ಉಸ್ತಾದ್ ಯೋಚಿಸುತ್ತಾ ನಿಂತರು. ಆಗ ಅತ್ತೆ ಹೊರಗೆ ಬಂದರು.

“ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟ ಹೇಗೆ ಬಿಡಿಸ್ತೀವಿ? ಒಳಗಿನದಕ್ಕೆ ತಣ್ಣೀರು, ಹೊರಗಿನದಕ್ಕೆ ಬಿಸಿನೀರು. ಹಾಗೇ ಮಾಡ್ರಪ್ಪಾ.”

ಗಂಡಸರೆಲ್ಲ ನಕ್ಕರು. ಉಸ್ತಾದ್ ಮಾತ್ರ ನಗಲಿಲ್ಲ. “ಯಾಕಾಗಬಾರದು? ಅಲ್ಯೂಮಿನಿಯಂ ಜಾಸ್ತಿ ಹಿಗ್ಗತದೆ, ಜಾಸ್ತಿ ಕುಗ್ಗತದೆ,” ಎಂದರು. ನಿಜವೇ. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ತಣ್ಣಗಾದರೆ ಅಷ್ಟೇ ಕುಗ್ಗುತ್ತದೆ. ಪಿಸ್ಟನ್ ಕುಗ್ಗಿ ಸಿಲಿಂಡರ್ ಹಿಗ್ಗಿದರೆ ಸಿಗುವ ಸಂದು ಕೂದಲೆಳೆಯಷ್ಟೇ. ಆದರೆ ನಮಗೆ ಬೇಕಾದದ್ದೂ ಅಷ್ಟೇ ತಾನೆ?

ಮೇಲಿನ ಎಣ್ಣೆಯನ್ನು ಬಟ್ಟೆಯಲ್ಲಿ ಹೀರಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಪಿಸ್ಟನ್ನಿನ ನೆತ್ತಿಯ ಮೇಲಿಟ್ಟೆವು. ನಾನು ಒಳಗೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದೆ. ಹಳೆಯ ಟರ್ಕಿ ಟವೆಲ್ಲುಗಳನ್ನು ಅದರಲ್ಲಿ ಅದ್ದಿ, ಇಕ್ಕಳದಲ್ಲಿ ಎತ್ತಿ ಸಿಲಿಂಡರಿಗೆ ಸುತ್ತಬೇಕು. ತಣ್ಣಗಾಗುವ ಮುಂಚೆ ಇನ್ನೊಂದು. ಒಬ್ಬರಿಂದ ಆಗುವ ಕೆಲಸವಲ್ಲ. ದೂರ ನಿಂತಿದ್ದ ಮೈದುನ ಯಾವಾಗ ಅಂಗಿ ತೋಳು ಮಡಿಸಿದನೋ ತಿಳಿಯದು. “ಅಣ್ಣಾ, ಇತ್ಲಾಗೆ ಹಿಡಿ,” ಎಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು.

ಆರು ಸಲ ಟವೆಲ್ ಬದಲಾಯಿತು. ಅತ್ತೆಯ ಹಳೆಯ ಒನಕೆಯಿಂದ ಕೊಯ್ದ ಒಂದು ತುಂಡಿಗೆ ಬಟ್ಟೆ ಸುತ್ತಿ ಪಿಸ್ಟನ್ನಿನ ಮೇಲಿಟ್ಟು, ಉಸ್ತಾದ್ ಮರದ ಕೊಡತಿಯಿಂದ ತಟ್ಟಿದರು. ಬಡಿಯಲಿಲ್ಲ, ತಟ್ಟಿದರು. ಮಗ ಚಕ್ರ ಆಡಿಸುತ್ತಿದ್ದ.

“ಅಮ್ಮಾ, ಗೆರೆ!” ಎಂದು ಕೂಗಿದ. ಸೀಮೆಸುಣ್ಣದ ಗೆರೆ ಒಂದು ಬೆರಳಿನಷ್ಟು ಜರುಗಿತ್ತು. ಇನ್ನೊಂದು ಸಲ ಆಡಿಸಿದರೆ ಎರಡು ಬೆರಳು. ಒಳಗಿನಿಂದ ಕಿರ್ರ್ ಎಂದು ಸದ್ದು. ಹತ್ತೊಂಬತ್ತು ವರ್ಷದ ಹಿಡಿತ ಬಿಟ್ಟಿತ್ತು! ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಲ್ಲರಿಗೂ ಕಾಫಿ ಮಾಡ್ತೀನಿ,” ಎಂದು ಒಳಗೆ ಹೋದರು.

ಬಿಟ್ಟಿತೆಂದರೆ ಮುಗಿಯಲಿಲ್ಲ

ಇಲ್ಲೇ ಬಹಳ ಜನ ಅವಸರ ಮಾಡುತ್ತಾರಂತೆ. ತಿರುಗಿತಲ್ಲ ಎಂದು ಪ್ಲಗ್ ಹಾಕಿ ಸ್ಟಾರ್ಟ್ ಮಾಡಿಬಿಡುತ್ತಾರೆ. ಬಿಟ್ಟ ತುಕ್ಕಿನ ಪುಡಿ ಕೆಳಗಿನ ಬೇರಿಂಗುಗಳಿಗೆ ಇಳಿದಿರುತ್ತದೆ, ಅರಗಿನಂತೆ ಅರೆದುಹಾಕುತ್ತದೆ. ಆದ್ದರಿಂದ ಇಂಜಿನ್ನನ್ನು ಪೂರ್ತಿ ಬಿಚ್ಚಲೇಬೇಕು. ಸಿಲಿಂಡರನ್ನು ಎತ್ತುವಾಗ ತಿರುಚಬಾರದು, ನೇರವಾಗಿ ಎತ್ತಬೇಕು. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುವುದರಿಂದ ರಿಂಗಿನ ತುದಿ ಅದಕ್ಕೆ ಸಿಕ್ಕಿ ಮುರಿಯುತ್ತದೆ.

ನಮ್ಮದರಲ್ಲಿ ರಿಂಗುಗಳು ಗಾಡಿಯಲ್ಲೇ ಸಮಾಧಿಯಾಗಿದ್ದವು. ಸಿಲಿಂಡರಿನ ಗೋಡೆಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅದಕ್ಕೆ ತಕ್ಕ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಿದೆವು. ಕ್ರ್ಯಾಂಕು ಬಿಚ್ಚಿ ಕನೆಕ್ಟಿಂಗ್ ರಾಡ್, ಬೇರಿಂಗ್, ಆಯಿಲ್ ಸೀಲ್ ಹೊಸದು. ಕಿಕ್ಕರ್ ಭಾಗ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ನನ್ನ ಚೀಟಿ ದುಡ್ಡು ಅಷ್ಟೂ ಕರಗಿತು. ಬಣ್ಣ ಹೊಡೆಸುವ ಖರ್ಚನ್ನು ಕೇಳದೆಯೇ ಮೈದುನ ವಹಿಸಿಕೊಂಡ.

ಆರ್.ಸಿ. ಪುಸ್ತಕ ಅವನ ಟ್ರಂಕಿನಲ್ಲೇ ಇತ್ತಂತೆ! ಅದನ್ನು ತಂದು ಅಣ್ಣನ ಕೈಗಿತ್ತು, ಗಾಡಿ ಅಣ್ಣನ ಹೆಸರಿಗಾಗಲು ತನ್ನ ಆಕ್ಷೇಪಣೆ ಇಲ್ಲವೆಂದು ಸಹಿ ಮಾಡಿಕೊಟ್ಟ. ಮನೆಯ ಭಾಗದ ಮಾತು ಇನ್ನೂ ತೀರ್ಮಾನವಾಗಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಈಗ ಇಬ್ಬರೂ ಎದುರು ಕೂತು ಮಾತಾಡುತ್ತಾರೆ. ಮಧ್ಯದಲ್ಲಿ ನಾನು ಬೇಕಾಗಿಲ್ಲ.

ಆ ವರ್ಷದ ಆಯುಧಪೂಜೆಯ ದಿನ ಅತ್ತೆ ಕುಂಕುಮವಿಟ್ಟ ಮೇಲೆ ಮಗ ಕಿಕ್ ಹೊಡೆದ. ಮೂರನೆಯದಕ್ಕೆ ನೀಲಿ ಹೊಗೆ ಬಿಟ್ಟು ಟಪಟಪ ಎಂದು ಶುರುವಾಯಿತು. ಬೀದಿಯವರೆಲ್ಲ ಹೊರಗೆ ಬಂದರು. ಎಪ್ಪತ್ತೆಂಟರ ನಮ್ಮ ಅತ್ತೆ, ಮುಡಿದ ಮಲ್ಲಿಗೆಯ ಮೇಲೆಯೇ ಹೆಲ್ಮೆಟ್ ಹಾಕಿಕೊಂಡು, ಮೊಮ್ಮಗನ ಹಿಂದೆ ಹಲಸೂರು ಕೆರೆಯವರೆಗೂ ಹೋಗಿಬಂದರು. ಇಳಿದವರೇ, “ಎಣ್ಣೆ ಸರಿಯಾಗಿ ಹಾಕಿದ್ದೀಯೇನೋ?” ಎಂದು ಕೇಳಿದರು.

ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದೆಯೇ? ಇಷ್ಟು ನೆನಪಿಡಿ

1. ಹಿಡಿದ ಇಂಜಿನ್ನಿಗೆ ಕಿಕ್ ತುಳಿಯಬೇಡಿ, ಗಾಡಿ ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಮೊದಲು ಪ್ಲಗ್ ಬಿಚ್ಚಿ, ಟಾರ್ಚಿನಿಂದ ಒಳಗೆ ನೋಡಿ.

2. ಎಣ್ಣೆ ಹಾಕಿ ವಾರಗಟ್ಟಲೆ ಕಾಯಿರಿ. ಮಟ್ಟ ಇಳಿಯುತ್ತಿದ್ದರೆ ಒಳ್ಳೆಯ ಸೂಚನೆ.

3. ಡೀಸೆಲ್, ಸೀಮೆಎಣ್ಣೆ, ಆಸಿಟೋನ್ ಇರುವ ಕಡೆ ದೇವರ ದೀಪ, ಗ್ಯಾಸ್ ಒಲೆ, ಬೀಡಿ-ಸಿಗರೇಟು ಯಾವುದೂ ಬೇಡ. ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಟ್ಟ ಎಣ್ಣೆಯನ್ನು ಮೋರಿಗೆ ಚೆಲ್ಲದೆ ಗ್ಯಾರೇಜಿಗೆ ಕೊಡಿ.

4. ಕಬ್ಬಿಣದ ಸುತ್ತಿಗೆಯಿಂದ ಪಿಸ್ಟನ್ ಮೇಲೆ ಹೊಡೆದರೆ ಅದು ತೂತಾಗುತ್ತದೆ. ಮರದ ತುಂಡು, ಮರದ ಕೊಡತಿಯೇ ಆಗಬೇಕು.

5. ನಿಲ್ಲಿಸಿಡುವ ಗಾಡಿಯ ಪ್ಲಗ್ ತೂತನ್ನು ತೆರೆದಿಡಬೇಡಿ. ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು ಮತ್ತೆ ಬಿಗಿಯಿರಿ. ತಿಂಗಳಿಗೊಮ್ಮೆ ಇಂಜಿನ್ ತಿರುಗಿಸಿ.

6. ಗಾಡಿಯ ಒಡೆಯರು ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31ರಲ್ಲಿ ಅರ್ಜಿ ಕೊಡಬೇಕು. ನಮ್ಮ ಹಾಗೆ 19 ವರ್ಷ ಬಿಟ್ಟರೆ ಓಡಾಟ ತಪ್ಪಿದ್ದಲ್ಲ!

7. ಐವತ್ತು ವರ್ಷ ದಾಟಿದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮದಲ್ಲಿ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಯೋಚಿಸಿ ನಿರ್ಧರಿಸಿ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ. ಮುಂದಿನ ಸಲ ನಮ್ಮ ಗಾಡಿಯನ್ನೂ ಕರೆದೊಯ್ಯಬೇಕೆಂದು ಅಣ್ಣತಮ್ಮಂದಿರು ಸೇರಿ ಈಗಲೇ ಲೆಕ್ಕ ಹಾಕುತ್ತಿದ್ದಾರೆ. ಚಿತ್ರಾನ್ನದ ಬುತ್ತಿ ಕಟ್ಟುವ ಕೆಲಸ ಮಾತ್ರ ಎಂದಿನಂತೆ ನನ್ನದೇ!